ಅಂತಃಸಾಕ್ಷಿಗೆ ಬಾಗಿದ ನ್ಯಾಯಾಧೀಶ: ಸಂತ ಥಾಮಸ್ ಮೋರ್

ನೀತಿಯ ನಿಮಿತ್ತ ಹಿಂಸೆಗೆ ಗುರಿಯಾಗುವವರನ್ನು ಪ್ರಭು ಕ್ರಿಸ್ತರು ಭಾಗ್ಯವಂತರೆಂದು ಕರೆದರು. ಪರ್ವತ ಪ್ರಸಂಗದ ಈ ಬೋಧನೆಯನ್ನು ನಾವು ಅನೇಕ ಬಾರಿ ಆಲಿಸಿದ್ದೇವೆ. ಆದರೆ ಆ ಹಿಂಸೆ ಮಡದಿ ಮಕ್ಕಳ ಕಣ್ಣೀರಿನ ರೂಪದಲ್ಲಿ ನಮ್ಮ ಹೊಸ್ತಿಲಿಗೇ ಬಂದರೆ ನಾವೇನು ಮಾಡುವೆವು? ಈ ಪ್ರಶ್ನೆಗೆ ಪ್ರಾಣವನ್ನಿತ್ತು ಉತ್ತರಿಸಿದ ಗೃಹಸ್ಥರೊಬ್ಬರನ್ನು ಇಂದು ಸ್ಮರಿಸೋಣ.

ಥಾಮಸ್ ಮೋರ್ 1478ರಲ್ಲಿ ಲಂಡನ್ನಿನಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದರು. ಯೌವನದಲ್ಲಿ ಕಾರ್ಥೂಸಿಯನ್ ಸನ್ಯಾಸಿಗಳ ಪ್ರಾರ್ಥನಾ ಜೀವನದಲ್ಲಿ ಪಾಲ್ಗೊಂಡರೂ, ಕೊನೆಗೆ ಸಂಸಾರ ಜೀವನವನ್ನೇ ಆರಿಸಿಕೊಂಡರು. ಹೆಣ್ಣುಮಕ್ಕಳಿಗೆ ವಿದ್ಯೆ ಅಪರೂಪವಾಗಿದ್ದ ಆ ಕಾಲದಲ್ಲಿ ತಮ್ಮ ಪುತ್ರಿಯರಿಗೆ ಲತೀನ್, ಗ್ರೀಕ್ ಭಾಷೆಗಳನ್ನು ಕಲಿಸಿದರು. 1529ರಲ್ಲಿ ದೊರೆ ಎಂಟನೆಯ ಹೆನ್ರಿ ಅವರನ್ನು ರಾಜ್ಯದ ಚಾನ್ಸಲರ್ ಪದವಿಗೆ ನೇಮಿಸಿದನು. ಬಾಕಿ ಉಳಿದಿದ್ದ ಮೊಕದ್ದಮೆಗಳನ್ನು ಬೇಗನೆ ತೀರಿಸಿ, ಲಂಚ ಮುಟ್ಟದ ನ್ಯಾಯಾಧೀಶರೆಂದು ಅವರು ಹೆಸರಾದರು.

ಅವರಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳಲಾರೆವು. ಅವರ ಅಧಿಕಾರಾವಧಿಯಲ್ಲಿ ಧರ್ಮವಿರೋಧಿ ಬೋಧನೆಯ ಆಪಾದನೆ ಹೊತ್ತ ಕೆಲವರನ್ನು ಸುಡಲಾಯಿತು. ಮೋರ್ ಅಂತಹ ಶಿಕ್ಷೆಯನ್ನು ಸಮರ್ಥಿಸಿದರು. ಧಾರ್ಮಿಕ ಸ್ವಾತಂತ್ರ್ಯವು ಮನುಷ್ಯನ ಹಕ್ಕೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. ಆ ಬೆಳಕಿನಲ್ಲಿ ಅವರ ಈ ನಿಲುವನ್ನು ನಾವು ಒಪ್ಪಲಾಗದು. ಸಂತರೂ ತಮ್ಮ ಕಾಲದ ಮಕ್ಕಳೇ.

ರಾಣಿ ಕ್ಯಾಥರೀನಳೊಂದಿಗಿನ ವಿವಾಹವನ್ನು ಅಸಿಂಧುಗೊಳಿಸಲು ಜಗದ್ಗುರುಗಳು ಸಮ್ಮತಿಸದಿದ್ದಾಗ, ಹೆನ್ರಿ ತಾನೇ ಇಂಗ್ಲೆಂಡಿನ ಧರ್ಮಸಭೆಯ ಶಿರಸ್ಸಾಗಲು ಹೊರಟನು. 1532ರ ಮೇ ತಿಂಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ದೊರೆಗೆ ಮಣಿದ ಮರುದಿನವೇ ಮೋರ್ ಪದವಿಯನ್ನು ತ್ಯಜಿಸಿದರು. 1534ರ ಏಪ್ರಿಲಿನಲ್ಲಿ ಅವರ ಮುಂದೆ ಪ್ರಮಾಣವಚನವನ್ನು ಇಡಲಾಯಿತು. ಹೊಸ ರಾಣಿಯ ಸಂತತಿಗೆ ಸಿಂಹಾಸನ ಸಲ್ಲುವುದನ್ನು ಒಪ್ಪಲು ಅವರು ಸಿದ್ಧರಿದ್ದರು. ಜಗದ್ಗುರುಗಳ ಅಧಿಕಾರವನ್ನು ಅಲ್ಲಗಳೆಯಲು ಸಿದ್ಧರಿರಲಿಲ್ಲ. ಲಂಡನ್ ಗೋಪುರದ ಸೆರೆ ಅವರ ಪಾಲಾಯಿತು.

ಧೈರ್ಯದ ಮುಖ್ಯ ಕ್ರಿಯೆ ಆಕ್ರಮಣವಲ್ಲ, ಸಹನೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಮೋರ್ ಮರಣವನ್ನು ಅರಸಿ ಹೋಗಲಿಲ್ಲ. ಕಾನೂನು ಬಲ್ಲ ಅವರು ಮೌನವನ್ನು ಆಶ್ರಯಿಸಿದರು. ತಮ್ಮ ನಿರಾಕರಣೆಗೆ ಕಾರಣ ನೀಡಲಿಲ್ಲ, ಪ್ರಮಾಣ ಮಾಡಿದವರನ್ನು ದೂಷಿಸಲೂ ಇಲ್ಲ. ಇದು ಹೇಡಿತನವಲ್ಲ, ವಿವೇಕ. ಸುಳ್ಳಾಡದೆ ಉಳಿಯುವ ದಾರಿ ಇರುವವರೆಗೂ ಜೀವವನ್ನು ಕಾಪಾಡಿಕೊಳ್ಳುವುದು ದೇವರ ವರಕ್ಕೆ ಸಲ್ಲಿಸುವ ಗೌರವವೇ ಆಗಿದೆ.

ಅವರ ಕಠಿಣ ಪರೀಕ್ಷೆ ಬಂದದ್ದು ಮನೆಯವರಿಂದ. ಮಣಿದು ಮನೆಗೆ ಬರಬೇಕೆಂದು ಪತ್ನಿ ಆಲಿಸ್ ಒತ್ತಾಯಿಸಿದರು. ಪತಿಯ ಸೆರೆಮನೆಯ ವೆಚ್ಚಕ್ಕಾಗಿ ಅವರು ತಮ್ಮ ಉಡುಪುಗಳನ್ನೇ ಮಾರಬೇಕಾಯಿತು. ಪ್ರೀತಿಯ ಮಗಳು ಮಾರ್ಗರೆಟ್ ಕೂಡ ಬೇಡಿಕೊಂಡಳು. ಅವರ ದುಃಖ ಕಂಡು ಮೋರ್ ನೊಂದರು, ಕದಲಲಿಲ್ಲ. ತಮ್ಮ ಆತ್ಮದ ಹೊಣೆಯನ್ನು ಪ್ರಿಯರಿಗೂ ವಹಿಸಿಕೊಡಲಾಗದೆಂಬುದನ್ನು ಅವರು ಅರಿತಿದ್ದರು.

1535ರ ಜುಲೈ 1ರಂದು ವಿಚಾರಣೆ ನಡೆಯಿತು. ರಿಚರ್ಡ್ ರಿಚ್ ಎಂಬ ಅಧಿಕಾರಿಯ ಸಾಕ್ಷ್ಯವನ್ನು ಮೋರ್ ಸುಳ್ಳೆಂದು ನಿರಾಕರಿಸಿದರೂ ಮರಣದಂಡನೆಯಾಯಿತು. ಸೆರೆಗೆ ಮರಳುವಾಗ ಮಾರ್ಗರೆಟ್ ಕಾವಲುಗಾರರ ನಡುವೆ ನುಗ್ಗಿ ತಂದೆಯನ್ನು ಅಪ್ಪಿಕೊಂಡಳು. ಜುಲೈ 6ರಂದು ಅವರ ಶಿರಚ್ಛೇದವಾಯಿತು. ಅದೇ ನಿಲುವಿಗಾಗಿ ಧರ್ಮಾಧ್ಯಕ್ಷ ಜಾನ್ ಫಿಷರ್ ಎರಡು ವಾರಗಳ ಹಿಂದೆ ಹುತಾತ್ಮರಾಗಿದ್ದರು. 1935ರಲ್ಲಿ ಇಬ್ಬರಿಗೂ ಸಂತ ಪದವಿ ದೊರೆಯಿತು. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು.

ನಮ್ಮಲ್ಲಿ ಹೆಚ್ಚಿನವರ ಮುಂದೆ ಕೊಡಲಿ ಬಾರದು. ಬರುವುದು ಒಂದು ಸುಳ್ಳು ಲೆಕ್ಕಪತ್ರ, ಒಂದು ಸಹಿ. ಸಂಸಾರಕ್ಕಾಗಿ ತಾನೇ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಸಂಸಾರವನ್ನು ಅಷ್ಟೊಂದು ಪ್ರೀತಿಸಿದ ಮೋರ್ ಆ ಸಮಾಧಾನವನ್ನು ಸ್ವೀಕರಿಸಲಿಲ್ಲ. ಅವರ ಹಬ್ಬ ಜೂನ್ 22ರಂದು. ಅಂದು ಮನೆಮಂದಿಯೆಲ್ಲ ಸೇರಿ, ಒಬ್ಬರನ್ನೊಬ್ಬರು ಸತ್ಯದಲ್ಲಿ ನಿಲ್ಲಿಸುವ ಬಲಕ್ಕಾಗಿ ಪ್ರಾರ್ಥಿಸೋಣ.