ಮುಳಬಾಗಿಲಿನ ಗುಂಡಪ್ಪ, ಮಂಕುತಿಮ್ಮ ಆದ ಕಥೆ

ಮುಳಬಾಗಿಲು ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗೋದು ದೋಸೆ. ಬೆಂಗಳೂರಿನಿಂದ ತಿರುಪತಿ ಕಡೆ ಹೊರಟ ಬಸ್ಸು ಕೋಲಾರ ದಾಟಿದ ಮೇಲೆ ಸಿಗೋ ಊರು ಅದು. ಮೂಡಣ ಬಾಗಿಲು, ಅಂದರೆ ಪೂರ್ವದ ಬಾಗಿಲು ಅನ್ನೋ ಹೆಸರೇ ಜನರ ಬಾಯಲ್ಲಿ ಸವೆದು ಮುಳಬಾಗಿಲು ಆಯ್ತು ಅಂತ ಹೇಳ್ತಾರೆ. ಆ ಊರಲ್ಲಿ 1887ರ ಮಾರ್ಚ್ 17ರಂದು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದರು. ನಮಗೆಲ್ಲ ಅವರು ಡಿವಿಜಿ.

ನಮ್ಮ ಮನೆಗಳ ವಾಟ್ಸಾಪ್ ಗ್ರೂಪಿಗೆ ಬೆಳಗ್ಗೆ ಬರೋ ಗುಡ್ ಮಾರ್ನಿಂಗ್ ಚಿತ್ರಗಳಲ್ಲಿ ಅವರ ಕಗ್ಗ ಇದ್ದೇ ಇರುತ್ತೆ. ಕೆಳಗೆ ಕೊಟ್ಟ ಅರ್ಥ ಓದಿ ಮುಂದಕ್ಕೆ ಹೋಗ್ತೀವಿ. ಆದರೆ ಆ ನಾಲ್ಕು ಸಾಲನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡಿದರೆ, ಕಟ್ಟಿದ ಮನುಷ್ಯನ ಬದುಕೂ ಸ್ವಲ್ಪ ಅರ್ಥ ಆಗುತ್ತೆ. ಅದಕ್ಕೇ ಈ ಲೇಖನ.

ಮೊದಲು ಒಂದು ವಿಷಯ. ಬ್ಯಾಕ್‌ಲಾಗ್ ಇರೋ ಗೆಳೆಯರು ಗಮನಿಸಬೇಕು. ಡಿವಿಜಿ ಮೆಟ್ರಿಕ್ ಪಾಸಾಗಲಿಲ್ಲ. ಮೈಸೂರು, ಕೋಲಾರ ಅಂತ ಓದಲು ಅಲೆದರೂ ಸರ್ಟಿಫಿಕೇಟು ಕೈಗೆ ಬರಲಿಲ್ಲ. ಹೊಟ್ಟೆಪಾಡಿಗೆ ಕೋಲಾರದ ಚಿನ್ನದ ಗಣಿ ಕಡೆ ಒಂದು ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯೋ ಕೆಲಸಕ್ಕೂ ಸೇರಿದರು. ಅಲ್ಲಿಂದ ಪತ್ರಿಕೆಗಳ ಕಡೆ ತಿರುಗಿ, ಕೊನೆಗೆ ‘ಕರ್ನಾಟಕ’ ಅನ್ನೋ ಇಂಗ್ಲಿಷ್ ಪತ್ರಿಕೆಯನ್ನು ತಾವೇ ನಡೆಸಿದರು. ಇಂಗ್ಲಿಷನ್ನು ಓದಿ ಓದಿ ಕಲಿತರು. ಸಂಸ್ಕೃತ, ವೇದಾಂತವನ್ನು ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಹತ್ತಿರ ಕೂತು ಕಲಿತರು. ಮೆಟ್ರಿಕ್ ದಾಟದ ಇವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು.

ಈಗ ಕಗ್ಗಕ್ಕೆ ಬರೋಣ. ‘ಮಂಕುತಿಮ್ಮನ ಕಗ್ಗ’ ಅಚ್ಚಾದದ್ದು 1943ರಲ್ಲಿ. ಅದರಲ್ಲಿ 945 ಪದ್ಯಗಳಿವೆ, ಎಲ್ಲವೂ ನಾಲ್ಕೇ ಸಾಲು. ಅದಕ್ಕೆ ಇರೋ ಕಂಡೀಶನ್‌ಗಳನ್ನು ನೋಡಿ.

ಒಂದು, ಮಾತ್ರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರೋ ಅಕ್ಷರಕ್ಕೆ, ಒತ್ತಕ್ಷರದ ಹಿಂದೆ ಬರೋ ಅಕ್ಷರಕ್ಕೆ ಎರಡು. ಸಾಲು ಐದೈದು ಮಾತ್ರೆಯ ಗುಂಪುಗಳಲ್ಲಿ ನಡೀಬೇಕು.

ಎರಡು, ಆದಿಪ್ರಾಸ. ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಸಾಲದ್ದಕ್ಕೆ ಮೊದಲ ಅಕ್ಷರದ ತೂಕವೂ ಒಂದೇ ಇರಬೇಕು. ಕಾಡು, ಗೂಡು, ಬೇಡ, ನೋಡು ಅಂತ ನಾಲ್ಕು ಸಾಲು ಶುರುವಾದರೆ ಸರಿ, ಎಲ್ಲಾ ಕಡೆ ಮೊದಲಕ್ಷರ ದೀರ್ಘ, ಎರಡನೆಯದು ಡಕಾರ. ನಡುವೆ ಕಡಲು ಅಂತ ಬಂತೋ, ಕೆಟ್ಟಿತು. ಡಕಾರ ಇದ್ದರೂ ಮೊದಲಕ್ಷರ ಹ್ರಸ್ವ ಆಗಿಬಿಡುತ್ತೆ.

ಮೂರು, ಅಂಕಿತ. ಪದ್ಯ ಮಂಕುತಿಮ್ಮ ಅನ್ನೋ ಹೆಸರಲ್ಲೇ ಮುಗೀಬೇಕು. ಎಣಿಸಿ ನೋಡಿ. ಮಂ ಎರಡು, ಕು ಒಂದು, ತಿ ಎರಡು, ಅಲ್ಲಿಗೆ ಐದು. ಆಮೇಲೆ ಮ್ಮ ಒಂದು ಉಳಿಯುತ್ತೆ. ಹೆಸರು ತಾಳಕ್ಕೆ ಸರಿಯಾಗಿ ಕೂರುತ್ತೆ, ಆದರೆ ಕೊನೇ ಸಾಲಿನ ಅರ್ಧ ಜಾಗ ಅದಕ್ಕೇ ಹೋಯ್ತು. ಮೂರು ಸಾಲಲ್ಲಿ ಬೆಳೆಸಿದ ಯೋಚನೆಯನ್ನು ಮಿಕ್ಕ ಹತ್ತು ಮಾತ್ರೆಯೊಳಗೆ ಮುಗಿಸಬೇಕು. ಹೀಗೆ 945 ಸಲ.

ಆ ಕಾಲಕ್ಕೆ ಇದನ್ನೆಲ್ಲ ಮಾಡಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಮಂಜೇಶ್ವರದ ಗೋವಿಂದ ಪೈ 1911ರಲ್ಲೇ ಪ್ರಾಸ ಬಿಟ್ಟು ಬರೆಯೋ ಧೈರ್ಯ ಮಾಡಿದ್ದರು. ಪ್ರಾಸಕ್ಕೋಸ್ಕರ ಬೇಡದ ಪದ ತುರುಕಬೇಕಾಗುತ್ತೆ ಅನ್ನೋದು ಸುಳ್ಳೇನಲ್ಲ. ಆಮೇಲಿನ ಎಷ್ಟೋ ಕವಿಗಳು ಅದೇ ದಾರಿ ಹಿಡಿದರು. ಮೂವತ್ತೆರಡು ವರ್ಷದ ನಂತರ ಬಂದ ಡಿವಿಜಿ ಮಾತ್ರ ಬೇಕಂತಲೇ ಆ ಕಟ್ಟನ್ನು ಹಾಕಿಕೊಂಡರು. ಕಗ್ಗ ಓದುವಾಗ ಹಳಗನ್ನಡದ ಪದ ಎದುರಾಗಿ ನಾವು ಮುಗ್ಗರಿಸೋದಕ್ಕೆ ಇದೂ ಒಂದು ಕಾರಣ. ಲಾಭವೂ ಇದೆ. ಒಂದು ಸಾಲು ಮರೆತರೆ ಎರಡನೇ ಅಕ್ಷರ ಹಿಡಿದು ನೆನಪಿಸಿಕೊಳ್ಳಬಹುದು. ಫಾರ್ವರ್ಡ್ ಆಗಿ ಆಗಿ ಸಾಲಿನ ಮೊದಲ ಪದ ತಪ್ಪಾಗಿದ್ದರೆ ಪ್ರಾಸ ಕೆಟ್ಟು ಅಲ್ಲೇ ಗೊತ್ತಾಗುತ್ತೆ. ನಮ್ಮ ಪ್ಯಾರಿಟಿ ಬಿಟ್ ಇದ್ದ ಹಾಗೆ.

ಹೆಸರಲ್ಲೂ ಒಂದು ಆಟ ಇದೆ. ಮಂಕು ಅಂದರೆ ಮಬ್ಬು, ದಡ್ಡತನ. ತಿಮ್ಮ ಅಂದರೆ ನಮ್ಮ ಕಡೆ ಯಾವ ಊರಲ್ಲಾದರೂ ಸಿಗೋ ಹೆಸರು. ಕಗ್ಗ ಅಂದರೆ ಅರ್ಥವಾಗದ ಗೋಜಲು ಮಾತು. ಉಪನಿಷತ್ತಿನ ವಿಚಾರಗಳನ್ನು ತುಂಬಿ, ಮೇಲೆ ದಡ್ಡ ತಿಮ್ಮನ ಗೋಜಲು ಅಂತ ಬೋರ್ಡು ಹಾಕಿದರು. ಪದ್ಯ ಬುದ್ಧಿ ಹೇಳ್ತಿರೋದು ನಮಗೆ ಅಂದ್ಕೊಂಡು ಓದ್ತೀವಿ, ಕೊನೇ ಪದಕ್ಕೆ ಬಂದಾಗ ಅದು ತಿಮ್ಮನಿಗೆ ಹೇಳಿದ್ದು. ಓದುಗರ ತಲೆ ಮೇಲೆ ಕೂತು ಪಾಠ ಮಾಡೋ ದನಿ ಅದರಿಂದ ತಪ್ಪಿತು.

ಬದುಕಲ್ಲೂ ಅವರು ತಾವೇ ಹಾಕಿಕೊಂಡ ಕಟ್ಟುಗಳಿದ್ದವು. ಮೂವತ್ತೇಳರ ಸುಮಾರಿಗೆ ಪತ್ನಿ ಭಾಗೀರಥಮ್ಮ ತೀರಿಕೊಂಡರು, ಮತ್ತೆ ಮದುವೆಯಾಗಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಒಡನಾಟ ಇತ್ತು, ಆದರೆ ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲಿಟ್ಟಿದ್ದರು, ತೀರಿಕೊಂಡ ಮೇಲೆ ಅವು ಸಿಕ್ಕವು ಅಂತ ಇವತ್ತಿಗೂ ಹೇಳ್ತಾರೆ. 1970ರಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಅರ್ಪಿಸಿದಾಗ, ಅಷ್ಟನ್ನೂ ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಸ್ವಂತ ಮನೆಯ ಖರ್ಚಿಗೆ ಧಾರಾಳವಾಗಿ ಹಣ ಇದ್ದವರೇನಲ್ಲ.

1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ಡಿವಿಜಿ ತೀರಿಕೊಂಡರು. ‘ಮರುಳ ಮುನಿಯನ ಕಗ್ಗ’ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ.

ಅಟೆಂಡೆನ್ಸು, ಇಂಟರ್ನಲ್ಸು, ಡ್ರೆಸ್ ಕೋಡು ಅಂತ ಯಾರೋ ಹಾಕಿದ ರೂಲುಗಳ ಮಧ್ಯೆ ನಾವು ಓಡಾಡ್ತಾ ಇರ್ತೀವಿ, ಅದರಿಂದ ತಪ್ಪಿಸ್ಕೊಳ್ಳೋದೇ ಸ್ವಾತಂತ್ರ್ಯ ಅನ್ಸುತ್ತೆ. ಪರೀಕ್ಷೆಯಲ್ಲಿ ಸೋತ ಮುಳಬಾಗಿಲಿನ ಹುಡುಗ, ಯಾರೂ ಕೇಳದೇ ಇದ್ದಾಗ ಅದಕ್ಕಿಂತ ಕಷ್ಟದ ರೂಲುಗಳನ್ನು ತಾನೇ ಆರಿಸಿಕೊಂಡು ಕೊನೇವರೆಗೂ ಪಾಲಿಸಿದರು. ನಾಳೆ ಬೆಳಗ್ಗೆ ಗ್ರೂಪಿಗೆ ಕಗ್ಗ ಬಂದಾಗ ಅರ್ಥಕ್ಕೆ ಹೋಗೋ ಮೊದಲು ನಾಲ್ಕು ಸಾಲಿನ ಎರಡನೇ ಅಕ್ಷರ ನೋಡಿ. ಆಮೇಲೆ ಅದೇ ನಿಯಮದಲ್ಲಿ ನಾಲ್ಕು ಸಾಲು ಬರೆಯೋಕೆ ಕೂತ್ಕೊಳ್ಳಿ. ಎರಡನೇ ಸಾಲಿಗೆ ಬರೋ ಹೊತ್ತಿಗೆ ಡಿವಿಜಿ ಅವರ ಮೇಲೆ ಗೌರವ ಜಾಸ್ತಿ ಆಗಿರುತ್ತೆ.