ವನೆಸ್ಸಾ: ಒಂದು ಹೆಸರಿನ ಒಡತಿ

ವನೆಸ್ಸಾ ಎಂಬ ಹೆಸರಿಗೆ ಅರ್ಥವೇನೆಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಗ್ರೀಕ್ ಲ್ಯಾಟಿನ್‌ಗಳಲ್ಲಿ ಇದಕ್ಕೆ ಧಾತುವನ್ನು ಅರಸಿ ಫಲವಿಲ್ಲ. ಐರ್ಲೆಂಡಿನ ಪಾದ್ರಿಯೂ ಕವಿಯೂ ಆದ ಜೊನಾಥನ್ ಸ್ವಿಫ್ಟ್ ಒಬ್ಬ ತರುಣಿಗಾಗಿ ಇದನ್ನು ಕಟ್ಟಿದನು. ಆಕೆ ಎಸ್ತರ್ ವ್ಯಾನಮ್ರಿ. ವಂಶನಾಮದ ‘ವ್ಯಾನ್’, ಎಸ್ತರಳ ಮುದ್ದುರೂಪವಾದ ‘ಎಸ್ಸಾ’ ಎರಡೂ ಕೂಡಿ ವನೆಸ್ಸಾ ಆಯಿತು. ಡಚ್ ಭಾಷೆಯಲ್ಲಿ ‘ವ್ಯಾನ್’ ಎಂದರೆ ನಮ್ಮ ವಿಭಕ್ತಿಪ್ರತ್ಯಯದಂಥದೊಂದು ಪದ, ಅಷ್ಟೆ.

ಆಕೆಯ ತಂದೆ ಡಚ್ ಮೂಲದ ವರ್ತಕ. 1697ರಲ್ಲಿ ಡಬ್ಲಿನ್ ನಗರದ ಮೇಯರ್ ಆದವನು. ಅವನು ತೀರಿಕೊಂಡ ಮೇಲೆ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿ ಸ್ವಿಫ್ಟ್ ಮನೆಯ ಗೆಳೆಯನಾದನು, ಆಕೆಗೆ ಗುರುವೂ ಆದನು. ಅವನು ಇಪ್ಪತ್ತು ವರ್ಷ ಹಿರಿಯ. ಶಿಷ್ಯೆ ಒಲಿದಳು, ಒಲಿದುದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟಳು. ಸುಮಾರು 1713ರಲ್ಲಿ ಸ್ವಿಫ್ಟ್ ಅದನ್ನೇ ವಸ್ತುವಾಗಿಸಿ ‘ಕೆಡೀನಸ್ ಮತ್ತು ವನೆಸ್ಸಾ’ ಎಂಬ ಕಾವ್ಯವನ್ನು ಬರೆದನು. ಕೆಡೀನಸ್ ಎಂದರೆ ತಾನೇ. ಚರ್ಚಿನ ‘ಡೀನ್’ ಪದವಿಯ ಲ್ಯಾಟಿನ್ ಹೆಸರಾದ ‘ಡೆಕಾನಸ್’ನ ಅಕ್ಷರಗಳನ್ನು ಹಿಂದುಮುಂದಾಗಿಸಿದ್ದು. ಇಬ್ಬರ ನಂಟು ಕೊನೆಗೆ ಎಲ್ಲಿಗೆ ಮುಟ್ಟಿತೆಂಬುದನ್ನು ಕವಿ ಹೇಳದೆಯೇ ಬಿಡುತ್ತಾನೆ. ರಸಿಕರು ಇದನ್ನು ಚಮತ್ಕಾರವೆನ್ನಬಹುದು. ನನಗಾದರೋ ಇದು ನುಣುಚಿಕೊಳ್ಳುವಿಕೆಯಾಗಿ ಕಾಣುತ್ತದೆ. ಕಾವ್ಯದಲ್ಲಿ ಆಕೆ ಸಕಲಗುಣಸಂಪನ್ನೆ. ಬದುಕಿನಲ್ಲಿ ಉತ್ತರಕ್ಕಾಗಿ ಕಾದ ಹೆಣ್ಣು.

1714ರಲ್ಲಿ ತಾಯಿಯೂ ತೀರಿದಳು. ಎಸ್ತರ್ ಐರ್ಲೆಂಡಿಗೆ ಮರಳಿದಳು, ಲಿಫಿ ನದಿಯ ದಡದ ಸೆಲ್‌ಬ್ರಿಜ್‌ನಲ್ಲಿ ತನ್ನ ಕುಟುಂಬದ ಮನೆಯಿತ್ತು. ಡಬ್ಲಿನ್ನಿನಲ್ಲಿ ಡೀನ್ ಆಗಿದ್ದ ಸ್ವಿಫ್ಟನಿಗೆ ಲೋಕಾಪವಾದದ ಭಯ. ಅಲ್ಲಿಯೇ ಅವನ ಬಹುಕಾಲದ ಗೆಳತಿ, ‘ಸ್ಟೆಲ್ಲಾ’ ಎಂದು ಅವನೇ ಹೆಸರಿಸಿದ ಎಸ್ತರ್ ಜಾನ್ಸನ್ ಇದ್ದಳು. ಇಬ್ಬರು ಎಸ್ತರರು, ಇಬ್ಬರಿಗೂ ಅವನಿತ್ತ ಬೇರೆ ಹೆಸರು! 1721ರಲ್ಲಿ ತಂಗಿ ಮೇರಿಯೂ ಸತ್ತ ಮೇಲೆ ವನೆಸ್ಸಾ ಒಂಟಿಯಾದಳು. ಸ್ಟೆಲ್ಲಾಳಿಗೆ ಆಕೆ ಕಾಗದ ಬರೆದಳೆಂದೂ ಸ್ವಿಫ್ಟ್ ಕುದುರೆಯೇರಿ ಬಂದು ಆ ಕಾಗದವನ್ನು ಎಸೆದು ಮಾತಾಡದೆ ಹೊರಟುಹೋದನೆಂದೂ ಒಂದು ಕಥೆಯುಂಟು. ಅದು ಜನರ ಬಾಯಲ್ಲಿ ಬೆಳೆದುದು. ಆದರೆ ಉಯಿಲು ಕಥೆಯಲ್ಲ. 1723ರ ಮೇ ತಿಂಗಳಲ್ಲಿ ಆಕೆ ಬರೆಸಿದ ಉಯಿಲಿನಲ್ಲಿ ಸ್ವಿಫ್ಟನ ಹೆಸರೇ ಇರಲಿಲ್ಲ. ಆಸ್ತಿ ಹೋದದ್ದು ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿಗೂ ಒಬ್ಬ ನ್ಯಾಯವಾದಿಗೂ. ಜೂನ್ 2ರಂದು ಆಕೆ ತೀರಿಕೊಂಡಳು. ವಯಸ್ಸು ಸುಮಾರು ಮೂವತ್ತೈದು.

ಕಾವ್ಯ ಅಚ್ಚಾದುದು 1726ರಲ್ಲಿ. ಹೆಸರು ಹೊರಬಿದ್ದುದು ಹೀಗೆ, ಒಡತಿ ಮಣ್ಣಾದ ಮೇಲೆ. ಮುಂದೆ 1807ರಲ್ಲಿ ಫಾಬ್ರಿಸಿಯಸ್ ಎಂಬ ಕೀಟವಿಜ್ಞಾನಿ ಚಿಟ್ಟೆಗಳ ಒಂದು ಕುಲಕ್ಕೆ ಇದೇ ಹೆಸರನ್ನಿಟ್ಟನು. ಆ ಕುಲದ ಚಿಟ್ಟೆಗಳು ನಮ್ಮ ಹೊಲಗಳಲ್ಲಿಯೂ ಹಾರಾಡುತ್ತವೆ.