ಗಾಜಿನ ಪೆಟ್ಟಿಗೆಯಿಂದ ಮಣ್ಣಿಗೆ

ಬಹಳ ವರ್ಷಗಳ ಹಿಂದೆ ಹಳಿಯಾಳ ತಾಲ್ಲೂಕಿನ ಕಾಡಂಚಿನ ಒಂದು ಸಿದ್ದಿ ಕೇರಿಗೆ ನಾನು ಕ್ಯಾಮೆರಾ ಹೊತ್ತು ಹೋಗಿದ್ದೆ. ಜಗಲಿಯ ಮೇಲೆ ವೃದ್ಧೆಯೊಬ್ಬರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕವದಿ ಹೊಲಿಯುತ್ತಿದ್ದರು. ಗುಂಗುರು ಕೂದಲು ಚೆನ್ನಾಗಿ ಕಾಣುವಂತೆ ತುಸು ತಲೆ ತಿರುಗಿಸಬೇಕೆಂದು ಕೇಳಿಕೊಂಡೆ. ಬಂದವರೆಲ್ಲ ಮುಖವನ್ನು ಒಯ್ಯುತ್ತಾರೆ, ಹೆಸರನ್ನು ಯಾರೂ ಕೇಳುವುದಿಲ್ಲ ಎಂದು ಆಕೆ ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾನೂ ಹೆಸರು ಕೇಳಿರಲಿಲ್ಲ. ಕೇಳುವಷ್ಟು ಧೈರ್ಯ ಆಮೇಲೆ ಉಳಿಯಲಿಲ್ಲ.

ಮುಂದೆಂದೋ ಸಾರಾ ಬಾರ್ಟ್‌ಮನ್‌ಳ ಬದುಕಿನ ಬಗ್ಗೆ ಓದುವಾಗ ಆ ಸೆರಗು ನೆನಪಾಯಿತು.

ಸಾರಾ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂದಿನ ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ ಗಾಮ್ಟೂಸ್ ನದಿಯ ಸೀಮೆಯಲ್ಲಿ. ಆಕೆ ದನಗಾಹಿಗಳಾದ ಖೋಯ್‌ಖೋಯ್ ಜನಾಂಗದವಳು. ತಾಯಿತಂದೆ ಇಟ್ಟ ಹೆಸರು ಯಾವ ಕಡತದಲ್ಲೂ ಉಳಿದಿಲ್ಲ. ಸಾರಾ ಎಂಬುದು ಡಚ್ ಒಡೆಯರ ಕಾಲದ ಹೆಸರು. ನೆಲ ಕಳೆದುಕೊಂಡ ಜನಾಂಗದ ಈ ಹೆಣ್ಣು ಕೇಪ್‌ಟೌನಿನಲ್ಲಿ ಮನೆಗೆಲಸಕ್ಕೆ ಸೇರಿದಳು. 1810ರಲ್ಲಿ ಹೆಂಡ್ರಿಕ್ ಸೀಸರ್ಸ್ ಮತ್ತು ಸೇನಾ ವೈದ್ಯ ಅಲೆಕ್ಸಾಂಡರ್ ಡನ್‌ಲಪ್ ಆಕೆಯನ್ನು ಹಡಗು ಹತ್ತಿಸಿ ಲಂಡನ್ನಿಗೆ ಕರೆದೊಯ್ದರು. ಪಿಕಾಡಿಲಿಯ ಸಭಾಂಗಣವೊಂದರಲ್ಲಿ, ಮೈಬಣ್ಣವನ್ನೇ ಹೋಲುವ ಬಿಗಿಯಾದ ಉಡುಪು ತೊಡಿಸಿ, ವೇದಿಕೆಯ ಮೇಲೆ ನಿಲ್ಲಿಸಿದರು. ಜನ ಹಣ ತೆತ್ತು ನೋಡಿದರು. ಆಕೆಗೆ ಕೊಟ್ಟ ಪ್ರದರ್ಶನದ ಹೆಸರು ‘ಹಾಟೆಂಟಾಟ್ ವೀನಸ್’. ಹಾಟೆಂಟಾಟ್ ಎಂಬುದು ಅವಳ ಜನಾಂಗವನ್ನು ಹೀಗಳೆಯಲು ಬಿಳಿಯರು ಬಳಸುತ್ತಿದ್ದ ಪದ. ವೀನಸ್ ಎಂಬುದು ಸೌಂದರ್ಯದೇವತೆಯ ಹೆಸರು. ಎರಡನ್ನೂ ಕೂಡಿಸಿದ್ದೇ ಒಂದು ಕುಹಕ.

ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿ ಆಗಿನ್ನೂ ಮೂರು ವರ್ಷ. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಜಕಾರಿ ಮೆಕಾಲೆ ಮತ್ತು ಸಂಗಡಿಗರು ಅದೇ ವರ್ಷ ನ್ಯಾಯಾಲಯದ ಮೊರೆಹೊಕ್ಕರು. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಹೆಸರಾದ ಥಾಮಸ್ ಮೆಕಾಲೆ ಇವನ ಮಗ. ಸಾರಾಳನ್ನು ಡಚ್ ಭಾಷೆಯಲ್ಲಿ ವಿಚಾರಿಸಲಾಯಿತು. ತಾನು ಒಪ್ಪಿಯೇ ಬಂದಿರುವುದಾಗಿಯೂ ಗಳಿಕೆಯಲ್ಲಿ ತನಗೆ ಪಾಲಿದೆಯೆಂದೂ ಆಕೆ ಹೇಳಿದಳೆಂದು ದಾಖಲೆಯಿದೆ. ಮೊಕದ್ದಮೆ ಬಿದ್ದುಹೋಯಿತು. ಪರದೇಶದಲ್ಲಿ, ಒಡೆಯರ ಅಂಕೆಯಲ್ಲಿದ್ದ ಹೆಣ್ಣಿನ ಒಪ್ಪಿಗೆಗೆ ಏನು ಅರ್ಥ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಿದ್ದಾರೆ. ಆಕೆಯನ್ನು ಬರಿಯ ಬಲಿಪಶುವೆಂದು ಕಾಣುವುದೂ ಇನ್ನೊಂದು ಬಗೆಯ ಪ್ರದರ್ಶನವೇ ಆದೀತು ಎನ್ನುವವರಿದ್ದಾರೆ. ಆ ಎಚ್ಚರ ನನಗೆ ಸರಿಯೆನಿಸುತ್ತದೆ.

1814ರಲ್ಲಿ ಸಾರಾ ಪ್ಯಾರಿಸ್ಸಿಗೆ ಬಂದಳು. ಅಲ್ಲಿ ಆಕೆಯ ಹೊಣೆ ಪ್ರಾಣಿಗಳನ್ನು ಪಳಗಿಸುವವನೊಬ್ಬನ ಕೈಗೆ ಹೋಯಿತು. 1815ರ ಮಾರ್ಚಿಯಲ್ಲಿ ಅಲ್ಲಿನ ಸಸ್ಯೋದ್ಯಾನದಲ್ಲಿ ಜಾರ್ಜ್ ಕ್ಯುವಿಯೆ ಮೊದಲಾದ ವಿಜ್ಞಾನಿಗಳೂ ಚಿತ್ರಕಾರರೂ ಮೂರು ದಿನ ಆಕೆಯನ್ನು ಪರೀಕ್ಷಿಸಿದರು. ಉಡುಪು ತೆಗೆಯಲು ಒತ್ತಾಯಿಸಿದಾಗ ಆಕೆ ಒಂದು ವಸ್ತ್ರವನ್ನು ಹಿಡಿದು ಮಾನ ಮುಚ್ಚಿಕೊಂಡಳು, ಬಿಡಲಿಲ್ಲ. ಯುರೋಪಿನ ಅತ್ಯಂತ ದೊಡ್ಡ ವಿದ್ವಾಂಸರ ಎದುರು ಆಕೆ ಗೆದ್ದದ್ದು ಅಷ್ಟು ಅಗಲದ ಬಟ್ಟೆ. ಆ ವರ್ಷದ ಡಿಸೆಂಬರಿನ ಕೊನೆಯಲ್ಲಿ ತೀರಿಕೊಂಡಳು.

ಸಾವು ಆ ಬಟ್ಟೆಯನ್ನೂ ಕಸಿದುಕೊಂಡಿತು. ಕ್ಯುವಿಯೆ ಶವದ ಅಚ್ಚು ತೆಗೆಸಿದ, ಶವವನ್ನು ಸೀಳಿದ, ಮಿದುಳನ್ನೂ ಗುಹ್ಯಾಂಗಗಳನ್ನೂ ಸೀಸೆಗಳಲ್ಲಿ ಇರಿಸಿದ. 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಕೆಯ ನೆನಪಿನ ಶಕ್ತಿಯನ್ನೂ ಹಲವು ಭಾಷೆಗಳ ಪರಿಚಯವನ್ನೂ ಗುರುತಿಸಿದ ಅದೇ ಲೇಖನಿ, ಆಕೆಯ ಚಲನವಲನಗಳಿಗೆ ಕಪಿಗಳ ಹೋಲಿಕೆ ಹುಡುಕಿತು. ಕಣ್ಣೆದುರಿನ ಸಾಕ್ಷ್ಯಕ್ಕಿಂತ ಮನಸ್ಸಿನಲ್ಲಿದ್ದ ಏಣಿಯೇ ಅವನಿಗೆ ಹೆಚ್ಚು ನಿಜವಾಗಿತ್ತು. 1937ರಲ್ಲಿ ಪ್ಯಾರಿಸ್ಸಿನ ಮಾನವ ವಸ್ತುಸಂಗ್ರಹಾಲಯ ಸ್ಥಾಪನೆಯಾದಾಗ ಅಸ್ಥಿಪಂಜರವೂ ಅಚ್ಚೂ ಅಲ್ಲಿ ಸೇರಿದವು. 1970ರ ದಶಕದ ಮಧ್ಯದವರೆಗೂ ಜನ ನೋಡುತ್ತಲೇ ಇದ್ದರು. ಅಧ್ಯಕ್ಷರಾದ ನೆಲ್ಸನ್ ಮಂಡೇಲ 1994ರಲ್ಲಿ ಆಕೆಯನ್ನು ಮರಳಿಸುವಂತೆ ಕೇಳಿದರು. ಸಂಗ್ರಹಾಲಯದ ವಸ್ತು ರಾಷ್ಟ್ರದ ಸೊತ್ತು ಎಂಬ ತೊಡಕನ್ನು ಬಿಡಿಸಲು ಫ್ರಾನ್ಸ್ ವಿಶೇಷ ಕಾನೂನನ್ನೇ ಮಾಡಬೇಕಾಯಿತು. 2002ರ ಆಗಸ್ಟ್ 9ರಂದು, ದಕ್ಷಿಣ ಆಫ್ರಿಕಾದ ಮಹಿಳಾ ದಿನದಂದು, ಹುಟ್ಟಿದ ಸೀಮೆಯ ಹ್ಯಾಂಕಿ ಎಂಬಲ್ಲಿ ಆಕೆ ಮಣ್ಣು ಸೇರಿದಳು.

ಇದನ್ನು ಉತ್ತರ ಕನ್ನಡದ ಸಿದ್ದಿಗಳೊಂದಿಗೆ ಏಕೆ ತಳಕುಹಾಕಬೇಕು? ಅವರು ಖೋಯ್‌ಖೋಯ್ ಜನರ ಬಂಧುಗಳಲ್ಲ. ಇವರ ಪೂರ್ವಜರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಘಟ್ಟದ ಕಾಡು ಸೇರಿ ಬದುಕಿಕೊಂಡವರು. ಆಫ್ರಿಕಾ ಮೂಲದವರೆಲ್ಲ ಒಂದೇ ಎನ್ನುವುದು ಕ್ಯುವಿಯೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಆದರೆ ನೋಡುವ ಕಣ್ಣು ಮಾತ್ರ ಒಂದೇ ಆಗಿರಬಹುದು. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಿದ್ದಾರೆ; ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ. ಆದರೂ ದಾಂಡೇಲಿಯ ರೆಸಾರ್ಟುಗಳಿಗೆ ಬರುವ ನಮ್ಮಂಥವರಿಗೆ ಬೇಕಿರುವುದು ಡಮಾಮಿಯ ಬಡಿತ, ಕುಣಿತ, ಒಂದು ಫೋಟೊ. 1987ರಲ್ಲಿ ಆರಂಭವಾದ ಕ್ರೀಡಾ ಯೋಜನೆಯೂ ಅವರ ಮೈಯಲ್ಲಿ ಓಟವಿದೆ ಎಂಬ ನಂಬಿಕೆಯಿಂದಲೇ ಹುಟ್ಟಿದ್ದು. ಕೆಲವರಿಗೆ ಅದರಿಂದ ಒಳಿತಾಯಿತು, ಯೋಜನೆ ಮಾತ್ರ ಕೆಲವೇ ವರ್ಷಗಳಲ್ಲಿ ನಿಂತಿತು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದು ನ್ಯಾಯ. ಆದರೆ ಪಟ್ಟಿಗೆ ಸೇರಿಸಲು ಸರ್ಕಾರ ಬಳಸುವ ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರ ಸಂಪರ್ಕಕ್ಕೆ ಅಂಜಿಕೆ, ಹಿಂದುಳಿದಿರುವಿಕೆ. ಇದೇ ಮಾನ್ಯತೆಯನ್ನು ಬಹುಕಾಲದಿಂದ ಕೇಳುತ್ತಿರುವ ಜೋಯಿಡಾದ ಕುಣಬಿಗಳೂ ಈ ಮಾನದಂಡಕ್ಕೆ ತಮ್ಮನ್ನು ಹೊಂದಿಸಿಕೊಳ್ಳಬೇಕು. ಹಕ್ಕು ಕೇಳಲು ಬಂದ ಪ್ರಜೆ ತಾನು ಆದಿಮನೆಂದು, ಅಂಜುಬುರುಕನೆಂದು ಸಾಬೀತುಪಡಿಸಬೇಕು. ಮಗಳನ್ನು ಕಾಲೇಜಿಗೆ ಕಳಿಸಿದರೆ ಲಕ್ಷಣ ಕೆಟ್ಟೀತೆ? ಗಾಜಿನ ಪೆಟ್ಟಿಗೆಯನ್ನು ಕೆಲವೊಮ್ಮೆ ಸರ್ಕಾರಿ ನಮೂನೆಯಲ್ಲಿಯೂ ಮಾಡಬಹುದು. ಮಾನ್ಯತೆ ದೊರೆಯಲಿ, ಅದನ್ನು ಅಳೆಯುವ ಪದಗಳು ಬದಲಾಗಲಿ.

ನೋಡುವುದೆಲ್ಲ ಅಪಚಾರವೆಂದು ನಾನು ಹೇಳಲಾರೆ. 2011ರಲ್ಲಿ ಸಿದ್ದಿ ಹೆಂಗಸರ ಕವದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಲ್ಲಿ ಗೋಡೆಯ ಮೇಲಿದ್ದದ್ದು ಅವರ ಮೈಯಲ್ಲ, ಅವರ ಕೆಲಸ. ಸಿದ್ದಿ ಕವದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ‘ಫುಲಾ’ ಎಂಬ ಪುಟ್ಟ ಮುಕ್ಕೋನಗಳನ್ನು ಇಡುತ್ತಾರೆ. ಅವಿಲ್ಲದ ಕವದಿಯನ್ನು ಅವರು ಬತ್ತಲೆ ಎನ್ನುತ್ತಾರಂತೆ.

ಆ ವೃದ್ಧೆಯ ಚಿತ್ರ ನನ್ನಲ್ಲಿಲ್ಲ. ಈಚೆಗೆ ಹಳೆಯ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಬರೆದುಕೊಂಡಿರುವುದು ಇಷ್ಟೆ: ಸಿದ್ದಿ ಮುದುಕಿ, ಹಳಿಯಾಳ. ವಸ್ತುಸಂಗ್ರಹಾಲಯದ ಚೀಟಿಯೂ ಹೀಗೆಯೇ ಇರುತ್ತದೆ.